ಎಡಗೈಲೆ ಬಡಿಸಿದ ಸೊಸಿ

ನಿಜಾಮನ ಮೇಲೆ ಹಿಂದೂಸ್ತಾನದ ದಂಡು ಬಂದು ಹೋದ ವರ್ಷದ ದೀಪಾವಳಿ ಮುಗಿದಿತ್ತು. ಅತನೂರಿನ ಹೊಲಗಳಲ್ಲಿ ಬಿಳಿಜೋಳ ಮೊಣಕಾಲುದ್ದ ಎದ್ದಿತ್ತು. ಊರು ಬಿಟ್ಟು ಹೋದವರು ಒಬ್ಬೊಬ್ಬರಾಗಿ ತಿರುಗಿ ಬಂದು, ಮಳೆಗೆ ಕುಸಿದ ಗೋಡೆಗೆ ಮಣ್ಣು ಮೆತ್ತಿ ಒಲೆ ಹಚ್ಚಿದ್ದರು. ಒಬ್ಬರಿಗೆ ಎತ್ತಿನ ಚಿಂತೆ, ಒಬ್ಬರಿಗೆ ಮೇವಿನ ಚಿಂತೆ. ನಿಂಬೆವ್ವನ ಚಿಂತೆ ಬೇರೆ. ಓಣಿಯ ಕೊನೆಯ ಮನೆಯ ಪ್ಯಾರಿಬಿ ಬಾಗಿಲು ತೆರೆಯುತ್ತಿರಲಿಲ್ಲ.

ಪ್ಯಾರಿಬಿ ಅಂದರೆ ಅರಳೆ ಹಿಂಜುವ ಹುಸೇನಸಾಬನ ಹೆಂಡತಿ. ತಾನು ಓಡಿಹೋಗಿದ್ದ ಸೊಲ್ಲಾಪುರದಿಂದ ಬಂದ ಮರುದಿನವೇ ನಿಂಬೆವ್ವ ಆ ಬಾಗಿಲಿಗೆ ಹೋಗಿ ಕೂಗಿದ್ದಳು. ಒಳಗಿನಿಂದ ಹುಸೇನಸಾಬನ ದನಿ ಬಂತು: "ಆಕೀ ಮೈಯಾಗ ಚಲೋ ಇಲ್ರಿ ಅಕ್ಕಾ." ಮತ್ತೆ ಹೋದಾಗಲೂ ಅದೇ ಮಾತು. ಆಮೇಲೆ ಅದೂ ಇಲ್ಲ. ಬಾವಿಗೆ ನೀರಿಗೂ ಪ್ಯಾರಿಬಿ ಯಾರೂ ಇಲ್ಲದ ಹೊತ್ತು ನೋಡಿ ಬಂದು ಹೋಗುತ್ತಿದ್ದಳು. ಅಷ್ಟರಲ್ಲಿ ಸುದ್ದಿ ಹಬ್ಬಿತು: ಪ್ಯಾರಿಬಿಯ ತಮ್ಮ ಶರಫುದ್ದೀನ ಜೇವರ್ಗಿಯಿಂದ ಬಂಡಿ ತರುತ್ತಾನಂತೆ, ಅಕ್ಕನನ್ನೂ ಭಾವನನ್ನೂ ಕರಕೊಂಡು ಹೋಗುತ್ತಾನಂತೆ, ಅಲ್ಲಿಂದ ಹೈದರಾಬಾದಿಗಂತೆ. ಹೋದವರು ಇನ್ನು ಬರುವುದಿಲ್ಲವಂತೆ.

ಪ್ಯಾರಿಬಿ ಊರು ಬಿಡಬಾರದು. ನಿಂಬೆವ್ವನಿಗೆ ಬೇಕಾದದ್ದು ಇಷ್ಟೇ. ಆದರೆ ಯಾವ ಬಾಯಿಂದ "ಬಿಡಬ್ಯಾಡ" ಅನ್ನಬೇಕು? ಬ್ಯಾಸಿಗೆಯಲ್ಲಿ ತಾನೇ ಒಂದು ಮಾತು ಹೇಳದೆ ಬಿಟ್ಟು ಹೋದವಳು.

ನಿಂಬೆವ್ವ ಹುಟ್ಟಿದ್ದು ಭೀಮಾ ನದಿಯ ದಂಡೆಯ ಸೊನ್ನದಲ್ಲಿ. ಸೈದಪ್ಪನ ಕೈ ಹಿಡಿದು ಅತನೂರಿಗೆ ಬಂದಾಗ ಸೀರೆ ಎತ್ತಿ ಕಟ್ಟಲೂ ಬಾರದ ಹುಡುಗಿ. ತವರಿನಿಂದ ತಂದ ವಿದ್ಯೆ ಒಂದೇ, ಕೌದಿ ಹೊಲಿಯುವುದು. ಹಳೇ ಸೀರೆ, ಹರಿದ ಧೋತರ, ಮಕ್ಕಳ ಅಂಗಿ, ಎಲ್ಲ ಕೂಡಿಸಿ ಪದರು ಮಾಡಿ, ಅಂಚಿನಿಂದ ನಡುವಿಗೆ ಸುತ್ತಿ ಸುತ್ತಿ ಹೊಲಿಗೆ ಹಾಕುತ್ತ ಬಂದರೆ ಇರುವೆ ಸಾಲಿನ ಹಾಗೆ ಕಾಣುತ್ತಿತ್ತು. ಒಬ್ಬಳೇ ಕೂತು ಕೌದಿ ಹೊಲಿಯುವ ಪದ್ಧತಿ ಆ ಓಣಿಯಲ್ಲಿ ಇರಲಿಲ್ಲ. ಅಂಗಳದಲ್ಲಿ ಹಾಸಿದರೆ ಸಾಕು, ಸುತ್ತಲಿನ ಹೆಂಗಸರು ಸೂಜಿ ತಗೊಂಡು ಬಂದು ಒಂದೊಂದು ಅಂಚು ಹಿಡಿಯುವರು. ಕೈ ಕೆಲಸದಲ್ಲಿ, ಬಾಯಿ ಊರ ಮೇಲೆ. ನಿಂಬೆವ್ವ ಮಾತಿನವಳಲ್ಲ, ನೋಡುವವಳು. ಯಾರ ಮುಖ ಯಾವಾಗ ಬಾಡಿತು, ಯಾರು ಯಾರ ಕಡೆ ಓರೆಗಣ್ಣು ಬಿಟ್ಟರು, ಒಂದೂ ಅವಳ ಕಣ್ಣು ತಪ್ಪುತ್ತಿರಲಿಲ್ಲ.

ಪ್ಯಾರಿಬಿ ಇದಕ್ಕೆ ಪೂರಾ ಉಲ್ಟಾ. ಕಲಬುರ್ಗಿ ಪಟ್ಟಣದಲ್ಲಿ ಬೆಳೆದವಳು, ಬಾಯಿ ಮುಂದು. ಅರಳೆಯ ಧೂಳು ಕಣ್ಣಿಗೆ ಹೊಕ್ಕು ಹೊಕ್ಕು ನಡುವಯಸ್ಸಿಗೇ ದೃಷ್ಟಿ ಮಂಜಾಗಿತ್ತು. ಎದುರಿನ ಕಟ್ಟೆಯ ಮೇಲೆ ಕೂತವರು ಯಾರೆಂದು ಕೆಮ್ಮಿದರೆ ಮಾತ್ರ ತಿಳಿಯುತ್ತಿತ್ತು. ಕಿವಿ ಮಾತ್ರ ಮೊಲದ ಕಿವಿ. "ಸಾಬವ್ವ ಬಂದಳು, ಗಂಡನ ಕೂಡ ಜಗಳಾಡಿ ಬಂದಾಳ, ಹೆಜ್ಜಿ ಕೇಳ್ರಿ" ಅನ್ನುವಳು. ಖರೆನೇ ಇರುತ್ತಿತ್ತು.

ಈ ಇಬ್ಬರೂ ಕೂಡಿ ನೋಡಿದ ಸಿನಿಮಾದ ಮಾತನ್ನು ಅತನೂರಿನ ಹೆಂಗಸರು ವರ್ಷಗಟ್ಟಲೆ ಆಡಿದರು.

ಅದು ದಂಡು ಬರುವುದಕ್ಕಿಂತ ಹಿಂದಿನ ವರ್ಷದ ಮಾತು. ರಾಶಿ ಮುಗಿದು ಕಣ ಖಾಲಿಯಾಗಿತ್ತು. ಅಫಜಲಪುರದಲ್ಲಿ ಸಿನಿಮಾದ ತಂಬು ಹಾಕಿದ್ದಾರೆ, ಚಿತ್ರ ಮಾತಾಡುತ್ತದಂತೆ, ಹಾಡುತ್ತದಂತೆ ಅಂತ ಹಲಗೆ ಬಾರಿಸುತ್ತ ಒಬ್ಬ ಊರೂರು ತಿರುಗಿ ಹೋದ. ಸೈದಪ್ಪ ಬಂಡಿ ಕಟ್ಟಿದ. ಹುಸೇನಸಾಬ, ಪ್ಯಾರಿಬಿ, ಆಚೆ ಮನೆಯ ಸಾಬವ್ವ, ಅವಳ ಗಂಡ, ಎಲ್ಲರೂ ಬುತ್ತಿ ಗಂಟಿನ ಜೊತೆ ಬಂಡಿ ಏರಿದರು. ಗೌಡರ ಮನೆಯ ರೇವಮ್ಮಾಯಿ ಮಾತ್ರ ಬರಲಿಲ್ಲ. "ಅರಿವಿ ಮ್ಯಾಲ ಕುಣಿಯೋ ಮಂದೀನ ನೋಡಾಕ ಇಷ್ಟು ದೂರ ಮೈ ನೋಯಿಸ್ಕೊಂಡು ಹೋಗ್ಲೇನು? ನೀವು ನೋಡಿ ಬಂದು ಹೇಳ್ರಿ, ಅಷ್ಟಽ ಸಾಕು" ಅಂದಳು.

ತಂಬಿನ ನಡುವೆ ಬಿಳಿ ಪರದೆ ಕಟ್ಟಿದ್ದರು. ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು. ಗೋಷಾದ ಹೆಂಗಸರೂ ಬರಲಿ, ಯಾರಿಗೂ ಸಂಕೋಚ ಬೇಡ ಅಂತ ಹಾಗೆ ಮಾಡಿದ್ದಂತೆ. ಚಿತ್ರ ಬಿಡುವ ಯಂತ್ರ ಗಂಡಸರ ಕಡೆ. ಶುರುವಾಗುವ ಮೊದಲು ಒಬ್ಬ ಏಣಿ ಹತ್ತಿ ಕೊಡಗಟ್ಟಲೆ ನೀರು ಸುರಿದು ಪರದೆ ತೋಯಿಸಿದ. ಹಸಿ ಅರಿವೆಯಾದರೆ ಬೆಳಕು ತೂರಿ ಹೆಂಗಸರ ಕಡೆಗೂ ಚಿತ್ರ ಮೂಡುತ್ತದೆ. ತೊಟ್ಟಿಕ್ಕುವ ನೀರು ಮುಂದೆ ಕೂತವರ ಕಾಲಿಗೆ ಬರುತ್ತಿತ್ತು. "ಯವ್ವಾ, ಇದೇನು ಸಿನೇಮಾನೋ, ಅಗಸರ ಕಲ್ಲೋ!" ಅಂತ ಸಾಬವ್ವ ಕಾಲು ಮಡಚಿಕೊಂಡಳು.

ಆಮೇಲೆ ದೀಪ ಆರಿ, ಆ ಹಸಿ ಪರದೆಯ ಮೇಲೆ ಮನುಷ್ಯರು ನಡೆದಾಡಿದರು.

ಮಾತೆಲ್ಲ ಹಿಂದಿ. ನಿಂಬೆವ್ವನಿಗೆ ಒಂದು ಅಕ್ಷರ ತಿಳಿಯದು. ಪ್ಯಾರಿಬಿಗೆ ಮಾತು ತಿಳಿಯುತ್ತಿತ್ತು, ಕಾಣುತ್ತಿದ್ದದ್ದು ಮಾತ್ರ ಬೂದಿ ಬಣ್ಣದ ಮೋಡ. ಇಬ್ಬರೂ ತೊಡೆಗೆ ತೊಡೆ ತಾಗಿಸಿ ಕೂತು ನೋಡಿದರು.

"ಈಗ ಏನಾತು?" ಅಂತ ಪ್ಯಾರಿಬಿ.

"ಹೊಸಾ ಸೊಸಿ ಬಂದಾಳ. ಹೊಸ್ತಿಲಕ್ಕ ಅಕ್ಕಿ ಸೇರು ಇಟ್ಟಾರ. ಅಯ್ಯ ಶಿವನೇ! ಎಡಗಾಲಿಲೆ ಒದ್ದಳಲ್ಲ ಬೇ!"

"ತೋಬಾ! ಅತ್ತಿ ಏನೂ ಅನಲಿಲ್ಲ. ಬಾ ಮಗಳಽ, ಮನಿ ಬೆಳಗು ಅಂದಳು."

"ಪಾಪ, ಆಕಿ ನೋಡಿಲ್ಲ ತಗೋ."

ಹೀಗೇ ನಡೆಯಿತು. ಸೊಸೆ ತುಳಸಿ ಕಟ್ಟೆ ಸುತ್ತಿದಳು, ಅಪ್ರದಕ್ಷಿಣ ಸುತ್ತಿದಳು. ಆರತಿ ಎತ್ತಿದಳು, ಉಲ್ಟಾ ಎತ್ತಿದಳು. ಗಂಡನಿಗೆ ರೊಟ್ಟಿ ಬಡಿಸಿದಳು, ಎಡಗೈಯಿಂದ ಬಡಿಸಿದಳು. ನಿಂಬೆವ್ವ ಒಂದೊಂದಕ್ಕೂ ತೊಡೆ ಬಡಿದುಕೊಂಡು ಹೇಳಿದಳು. ಪ್ಯಾರಿಬಿ ಒಂದೊಂದಕ್ಕೂ "ತೋಬಾ, ತೋಬಾ" ಅಂದಳು. ಮುಂದೆ ಆ ಮನೆಯಲ್ಲಿ ಅತ್ತೆಯ ಬಂಗಾರದ ಪಾಟಲಿ ಬಳೆ ಕಳೆದವು. ಕದ್ದವಳು ನೀನೇ ಅಂತ ಸೊಸೆಯನ್ನು ಹೊರಗೆ ಹಾಕಿದರು. ಗಂಡ ಬಾಯಿ ಬಿಡಲಿಲ್ಲ. ಕಡೆಗೆ ಪಾಟಲಿ ಅತ್ತೆಯ ಪೆಟ್ಟಿಗೆಯಲ್ಲೇ ಸಿಕ್ಕವು. ಅತ್ತೆ ಊರೂರು ಅಲೆದು ಸೊಸೆಯನ್ನು ಹುಡುಕಿ, ಕಾಲಿಗೆ ಬಿದ್ದು ಅತ್ತಳು. ತಂಬಿನ ಹೆಂಗಸರೆಲ್ಲ ಸೆರಗು ಕಣ್ಣಿಗೆ ಒತ್ತಿದರು.

ಊರಿಗೆ ಬರುವ ದಾರಿಯಲ್ಲಿ ಬಂಡಿಯಲ್ಲೇ ಜಗಳ ಹತ್ತಿತು.

"ಎಲ್ಲಾ ಚಲೋ ಇತ್ತು, ಆ ಹುಡುಗಿ ಎಡಗೈಲೆ ಬಡಿಸಿದ್ದು ಮಾತ್ರ ನನಗ ಸೇರಲಿಲ್ಲ" ಅಂದಳು ನಿಂಬೆವ್ವ.

ಸೈದಪ್ಪ ಎತ್ತಿನ ಹಗ್ಗ ಹಿಡಿದೇ ತಿರುಗಿ ನೋಡಿದ. "ಎಡಗೈ? ಬಲಗೈಲೇ ಬಡಿಸ್ಯಾಳ. ನಾ ಕಣ್ಣಾರೆ ಕಂಡೀನಿ."

"ನಿಮ್ಮ ಕಣ್ಣು ಆಕೀ ಮಾರಿ ಮ್ಯಾಲಿದ್ವು. ಕೈ ಯಾವಾಗ ನೋಡಿದ್ರಿ?"

ಬಂಡಿಯಲ್ಲಿದ್ದ ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಹುಸೇನಸಾಬ ಏನೋ ಹೇಳಹೋದ, ಪ್ಯಾರಿಬಿ ಅವನ ಕಡೆ ತಿರುಗಿದ್ದೇ ತಡ ಸುಮ್ಮನಾದ. ಗಂಡಸರ ಸಾಕ್ಷಿ ಅಲ್ಲಿಗೇ ಬಿದ್ದುಹೋಯಿತು.

ಮರುದಿನದಿಂದ ನಿಂಬೆವ್ವನ ಅಂಗಳದಲ್ಲಿ ಸಿನಿಮಾ ಹೇಳುವುದು ಶುರು. ಕೌದಿಯ ಒಂದು ಮೂಲೆಗೆ ನಿಂಬೆವ್ವ, ಎದುರು ಮೂಲೆಗೆ ಪ್ಯಾರಿಬಿ. ಒಬ್ಬಳು ಕಂಡದ್ದು ಹೇಳುವಳು, ಇನ್ನೊಬ್ಬಳು ಆಡಿದ್ದು ಹೇಳುವಳು. ಪ್ಯಾರಿಬಿ ಅತ್ತೆಯ ದನಿ ತೆಗೆದರೆ ಮುದುಕಿಯೇ ಬಂದು ಕೂತ ಹಾಗೆ. ಸೊಸೆಯ ದನಿ ತೆಗೆದರೆ ಎಳೇ ಹುಡುಗಿ. ಹಾಡು ಬಂದಾಗ ಸೂಜಿ ನಿಲ್ಲಿಸಿ ಹಾಡುವಳು. ಸಿನಿಮಾ ನೋಡದವರ ಅಭಿಪ್ರಾಯ ನೋಡಿದವರಿಗಿಂತ ಜೋರಾಗಿತ್ತು.

"ಎಡಗಾಲಿಲೆ ಮನಿ ಹೊಕ್ಕಾಕಿ, ಎಡಗೈಲೆ ಬಡಿಸಿದಾಕಿ! ಪಾಟ್ಲಿ ಕಳೀಲಿ, ಬಿಡಲಿ, ನಾನಾಗಿದ್ರ ಮೊದಲನೇ ದಿವಸನೇ ತವರಿಗೆ ಅಟ್ಟತಿದ್ದೆ" ಅಂದಳು ರೇವಮ್ಮಾಯಿ.

"ಆಯೀ, ಗಂಡ ಉಂಡದ್ದೂ ಎಡಗೈಲೇ ಇತ್ತಲ್ಲ" ಅಂತ ಸಾಬವ್ವ ನೆನಪು ಮಾಡಿದಳು. "ಅವರೂರಾಗ ಹಂಗಽ ಇರಬೇಕು."

"ಹಂಗಿದ್ರ ಊರೇ ಸುಡಗಾಡು ಊರು!"

"ನನಗ ಸಿಟ್ಟು ಬಂದದ್ದು ಗಂಡನ ಮ್ಯಾಲ" ಅಂದಳು ಸಾಬವ್ವ. "ಹೇಣ್ತೀನ ಹೊರಗ ದಬ್ಬೂವಾಗ ಬಾಯಾಗ ತಂಬಾಕ ಇಟ್ಕೊಂಡಿದ್ದನೇನು?"

ಆದರೆ ದೊಡ್ಡ ವಾದ ಇದ್ದದ್ದು ನಿಂಬೆವ್ವ ಪ್ಯಾರಿಬಿಯರ ನಡುವೆ. ಪಾಟಲಿ ತನ್ನ ಪೆಟ್ಟಿಗೆಯಲ್ಲೇ ಇವೆಯೆಂದು ಅತ್ತೆಗೆ ಮೊದಲೇ ಗೊತ್ತಿತ್ತೋ, ಇಲ್ಲವೋ? ಗೊತ್ತಿತ್ತು ಅಂತ ನಿಂಬೆವ್ವ. ಸೊಸೆಯನ್ನು ಹೊರಗೆ ಹಾಕುವಾಗ ಮುದುಕಿ ಒಂದು ಗಳಿಗೆ ಪೆಟ್ಟಿಗೆಯ ಕಡೆ ನೋಡಿದ್ದನ್ನು ಅವಳು ಕಂಡಿದ್ದಳು. ಗೊತ್ತಿರಲಿಲ್ಲ ಅಂತ ಪ್ಯಾರಿಬಿ. "ಕಡೀಕ ಅತ್ತಾಳಲ್ಲ, ಆ ಅಳು ಕೇಳಿದಿ ಏನು? ಗೊತ್ತಿದ್ದು ಮಾಡಿದಾಕಿ ಹಂಗ ಅಳಂಗಿಲ್ಲ. ಆ ದನಿ ಒಳಗಿಂದ ಬಂದಿತ್ತು."

"ಕಣ್ಣು ಸುಳ್ಳು ಹೇಳತಾವೇನು?"

"ದನಿ ಹೇಳತದೇನು?"

ಒಂದು ಕೌದಿ ಮುಗಿದು ಇನ್ನೊಂದು ಹಾಸಿದರೂ ವಾದ ಅಲ್ಲೇ ಇರುತ್ತಿತ್ತು. ಹಿಟ್ಟು ಬೀಸುವಾಗ, ಬಾವಿಯ ಹತ್ತಿರ, ಕಸಬರಿಗೆ ಕೈಯಲ್ಲಿ ಹಿಡಿದು ಓಣಿಯ ಈ ತುದಿಯಿಂದ ಆ ತುದಿಗೆ. ಗೊತ್ತಿತ್ತು, ಗೊತ್ತಿರಲಿಲ್ಲ. ಆ ದಿನಗಳಲ್ಲಿ ಅವರಿಗೆ ಜಗಳಾಡಲು ಅದಕ್ಕಿಂತ ದೊಡ್ಡ ಕಾರಣ ಇರಲಿಲ್ಲ ಅನ್ನುವುದೇ ಒಂದು ಸುಖ ಅಂತ ನಿಂಬೆವ್ವನಿಗೆ ಆಮೇಲೆ ಅನಿಸುತ್ತಿತ್ತು.

ಆ ಸುಖ ಬಹಳ ದಿನ ಬಾಳಲಿಲ್ಲ. ಮುಂದಿನ ಬ್ಯಾಸಿಗೆಯ ಹೊತ್ತಿಗೆ ನಿಜಾಮನ ಸೀಮೆಯಾದ ಮೊಗಲಾಯಿ ತುಂಬ ಕೆಟ್ಟ ಗಾಳಿ ಬೀಸಿತು. ನಿಜಾಮನ ಪರ ನಿಂತ ರಜಾಕಾರರು ಆ ಊರಿಗೆ ಬಂದರಂತೆ, ಈ ಊರಿನ ಕಣ ಸುಟ್ಟರಂತೆ ಅನ್ನುವ ಸುದ್ದಿ ದಿನಕ್ಕೊಂದು. ಜನ ಗಂಟು ಕಟ್ಟಿ ಗಡಿ ದಾಟಿ ಅಕ್ಕಲಕೋಟೆ, ಸೊಲ್ಲಾಪುರ ಅಂತ ಹೊರಟರು. ಹುಸೇನಸಾಬನ ಪಾಡು ಯಾರಿಗೂ ಬೇಡ. ಹೊರಗಿನಿಂದ ಬಂದ ರಜಾಕಾರರು "ನಮ್ಮ ಕೂಡ ಬರಂಗಿಲ್ಲೇನು" ಅಂತ ಅವನಿಗೆ ಕಣ್ಣು ಕೆಂಪು ಮಾಡಿದರು. ಊರಿನವರು "ಇಂವಾ ಒಳಗಿಂದೊಳಗ ಅವರಾಂವನೇ" ಅಂತ ಪಿಸುಗುಟ್ಟಿದರು. ಅವನು ಯಾರ ಕೂಡವೂ ಹೋಗಲಿಲ್ಲ, ಮನೆಯೊಳಗೆ ಅರಳೆ ಹಿಂಜುತ್ತ ಕೂತ.

ಒಂದು ಮಧ್ಯಾಹ್ನ ಸೈದಪ್ಪ ಬಂಡಿ ಕಟ್ಟಿ, ಹೊಲಕ್ಕೆ ಗೊಬ್ಬರ ಹೊಡೆಯಲು ಹೊರಟವರ ಹಾಗೆ ಹೊರಟ. ಗೊಬ್ಬರದ ಕೆಳಗೆ ಪಾತ್ರೆ, ಬಟ್ಟೆ. "ಯಾರಿಗೂ ಹೇಳಬ್ಯಾಡ" ಅಂದಿದ್ದ. ಪ್ಯಾರಿಬಿಯ ಮನೆ ಮುಂದೆ ಬಂಡಿ ಹಾದಾಗ ಅವಳು ಹೊಸ್ತಿಲಲ್ಲಿ ಕೂತಿದ್ದಳು. ಬಂಡಿಯ ಸಪ್ಪಳಕ್ಕೆ ಮುಖ ಎತ್ತಿ, "ನಿಂಬಿ, ಇಷ್ಟು ಬಿಸಿಲಾಗ ಎಲ್ಲಿ ಹೊಂಟಿ ಬೇ?" ಅಂದಳು. "ಹೊಲಕ್ಕ" ಅಂದಳು ನಿಂಬೆವ್ವ.

ಸೊಲ್ಲಾಪುರದಲ್ಲಿ ಮಿಲ್ಲಿನ ಚಾಳಿನಲ್ಲಿ ನಾದಿನಿ ಕಾಶಿಬಾಯಿಯ ಮನೆ. ಒಂದೇ ಕೋಣೆ, ಅದರಲ್ಲೇ ಎಲ್ಲರೂ. ಮಳೆಗಾಲದಲ್ಲಿ ಒಮ್ಮೆ ಕಾಶಿಬಾಯಿ, "ವೈನಿ, ಮನಸಿಗಿ ಹಚಗೋಬ್ಯಾಡ, ನಡಿ" ಅಂತ ಸಿನಿಮಾಕ್ಕೆ ಕರಕೊಂಡು ಹೋದಳು. ಕಲ್ಲಿನ ಗೋಡೆಯ ದೊಡ್ಡ ಥೇಟರು. ಪರದೆಗೆ ನೀರು ಹಾಕುವವರು ಇಲ್ಲ. ಗಂಡಸರು ಹೆಂಗಸರು ಎಲ್ಲ ಒಂದೇ ಕಡೆ ಮುಖ ಮಾಡಿ ಕೂತಿದ್ದರು. ದೀಪ ಆರಿ ಚಿತ್ರ ಬಂದಾಗ ನಿಂಬೆವ್ವ ನೆಟ್ಟಗಾಗಿ ಕೂತಳು. ಅದೇ ಮನೆ. ಅದೇ ಅತ್ತೆ. ಅದೇ ಸೊಸೆ ಹೊಸ್ತಿಲಿಗೆ ಬಂದಳು, ಅಕ್ಕಿ ಸೇರು ಒದ್ದಳು.

"ಯವ್ವಾ, ಬಲಗಾಲು!" ಅಂತ ನಿಂಬೆವ್ವ ಕೂಗೇಬಿಟ್ಟಳು. ಮುಂದಿನ ಸಾಲಿನವರು ತಿರುಗಿ ನೋಡಿದರು. ಕಾಶಿಬಾಯಿ ತೊಡೆ ಚಿವುಟಿದಳು.

ಸೊಸೆ ತುಳಸಿಯನ್ನು ಸರಿಯಾಗಿ ಸುತ್ತಿದಳು. ಆರತಿ ಸರಿಯಾಗಿ ಎತ್ತಿದಳು. ಬಲಗೈಯಿಂದ ಬಡಿಸಿದಳು, ಗಂಡ ಬಲಗೈಯಿಂದ ಉಂಡ. ಅಫಜಲಪುರದಲ್ಲಿ ನಾವು ಅರಿವೆಯ ಹಿಂದೆ ಕೂತಿದ್ದೆವು, ಬಲ ಎಡವಾಗಿ ಕಂಡಿತ್ತು ಅನ್ನುವುದು ನಿಂಬೆವ್ವನಿಗೆ ಆಗ ಹೊಳೆಯಿತು. ಅಯ್ಯ, ಒಂದು ವರ್ಷ ಪೂರ್ತಿ ಆ ಹುಡುಗಿಯನ್ನು ಸುಮ್ಮಸುಮ್ಮನೆ ಬೈದಿದ್ದೆವಲ್ಲ! ನಗು ಉಕ್ಕಿ ಬಂತು. ಪಕ್ಕಕ್ಕೆ ವಾಲಿ, "ಕೇಳಿಲ್ಲಿ ಬೇ" ಅನ್ನಹೋದಳು. ಪಕ್ಕದಲ್ಲಿ ಇದ್ದವಳು ಕಾಶಿಬಾಯಿ.

ಆಮೇಲಿನದೆಲ್ಲ ಮೂಕ ಚಿತ್ರವೇ. ಪರದೆಯ ಮೇಲಿನವರು ಬಾಯಿ ಆಡಿಸುತ್ತಿದ್ದರು, ಅತ್ತೆ ಅಳುತ್ತಿದ್ದಳು. ಅದು ಒಳಗಿನ ಅಳುವೋ ಹೊರಗಿನದೋ ಹೇಳುವವರು ಇರಲಿಲ್ಲ. ಹೊರಗೆ ಬಂದಾಗ ಕಾಶಿಬಾಯಿ, "ಹ್ಯಾಂಗಿತ್ತು ವೈನಿ?" ಅಂದಳು. "ಚಲೋ ಇತ್ತು" ಅಂದಳು ನಿಂಬೆವ್ವ.

ದಂಡು ಬಂತು, ನಿಜಾಮನ ಆಳಿಕೆ ಮುಗಿಯಿತು, ಊರಿಗೆ ತಿರುಗಿದರು. ಆದರೆ ಕೆಟ್ಟ ಗಾಳಿ ದಿಕ್ಕು ಬದಲಿಸಿ ಬೀಸಿತ್ತು. ಓಣಿಯ ಇನ್ನೆರಡು ಮುಸಲ್ಮಾನರ ಮನೆಗೆ ಬೀಗ ಬಿದ್ದಿತ್ತು; ಎಲ್ಲಿ ಹೋದರೆಂದು ಯಾರೂ ಬಾಯಿ ಬಿಡಲಿಲ್ಲ. ಹುಸೇನಸಾಬನ ಮೈಗೆ ಯಾರೂ ಕೈ ಹಚ್ಚಿರಲಿಲ್ಲ. ಅವನ ಕೈಗೆ ಅರಳೆಯನ್ನೂ ಯಾರೂ ಕೊಟ್ಟಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಶರಫುದ್ದೀನನ ಬಂಡಿ ಬಂದೇಬಿಟ್ಟಿತು.

"ಹೋಗೋರನ್ನ ಹಿಡೀಬ್ಯಾಡ" ಅಂದ ಸೈದಪ್ಪ. "ಅವರ ಜೀವಕ್ಕ ಎಲ್ಲಿ ನೆಳ್ಳು ಸಿಗ್ತದೋ ಅಲ್ಲಿಗಿ ಹೋಗ್ತಾರ. ನಾವು ಹೋಗಿರಲಿಲ್ಲೇನು?"

ಮಾತು ಖರೆ. ನಿಂಬೆವ್ವ ಹೊರಗೆ ಬಂದಳು. ಅಂಗಳದಲ್ಲಿ ಅರ್ಧ ಹೊಲಿದ ಕೌದಿ ಹಾಸಿತ್ತು. ಸಾಬವ್ವ, ರೇವಮ್ಮಾಯಿ, ಇನ್ನಿಬ್ಬರು ಸೂಜಿ ಹಿಡಿದು ಕೂತಿದ್ದರು. ಅವರಿಗೂ ಬಂಡಿಯ ಸಪ್ಪಳ ಕೇಳಿತ್ತು. ನಿಂಬೆವ್ವ ಒಮ್ಮೆ ಎಲ್ಲರ ಮುಖ ನೋಡಿದಳು. ಆಮೇಲೆ ಕೌದಿಯ ಒಂದು ತುದಿ ಹಿಡಿದು ಎಳೆದಳು.

"ಏಳ್ರಿ. ಇಲ್ಲಿ ಬಿಸಿಲು ಬರಾಕತ್ತದ. ಪ್ಯಾರಿಬಿ ಮನಿ ಮುಂದ ಬೇವಿನ ನೆಳ್ಳದ, ಅಲ್ಲಿ ಕೂಡೋಣು."

"ಈ ಹೊತ್ತಿನ್ಯಾಗ ಎಲ್ಲಿ ಬಿಸಿಲಽ?" ಅಂದಳು ಸಾಬವ್ವ. ಅಂದವಳೇ ನಿಂಬೆವ್ವನ ಮುಖ ನೋಡಿ ಸುಮ್ಮನೆ ಇನ್ನೊಂದು ತುದಿ ಹಿಡಿದಳು. ರೇವಮ್ಮಾಯಿ ಮೊಣಕಾಲು ಹಿಡಿದು ಎದ್ದಳು. "ನಾನೂ ಬರಬೇಕೇನು?" ಅಂತ ಯಾರನ್ನೂ ಕೇಳದೆ ಎಲ್ಲರಿಗಿಂತ ಮುಂದೆ ನಡೆದಳು.

ಬೇವಿನ ಕೆಳಗೆ ಕೌದಿ ಹಾಸಿದರು. ಹತ್ತು ಹೆಜ್ಜೆಯಾಚೆ ಶರಫುದ್ದೀನನ ಬಂಡಿ. ಟ್ರಂಕು, ಹಾಸಿಗೆ ಸುರುಳಿ, ಕಡಾಯಿ ಆಗಲೇ ಏರಿದ್ದವು. ಹೆಂಗಸರನ್ನು ಕಂಡು ಅವನು ಬಂಡಿಯ ಹಿಂದೆ ಸರಿದು ನಿಂತ. ಪ್ಯಾರಿಬಿಯ ಬಾಗಿಲು ಅರ್ಧ ಮುಚ್ಚಿತ್ತು.

ನಿಂಬೆವ್ವ ಬಾಗಿಲಿಗೆ ಹೋಗಿ ಕೂಗಲಿಲ್ಲ. ಸೂಜಿಗೆ ದಾರ ಪೋಣಿಸಿದಳು.

"ಸೊಲ್ಲಾಪುರದಾಗ ಒಂದು ಸಿನೇಮಾ ನೋಡೀನಿ" ಅಂದಳು, ಸ್ವಲ್ಪ ದನಿ ಎತ್ತಿ.

"ಅಯ್ಯ, ಬಂದು ಇಷ್ಟು ದಿನಾ ಆತು, ಈಗ ಹೇಳತಿಯಲ್ಲ!" ಸಾಬವ್ವ ಮುಂದೆ ಸರಿದಳು. "ಯಾವುದು?"

"ಅದಽ. ಪಾಟ್ಲಿ ಸಿನೇಮಾ. ಆ ಸೊಸಿ ಎಡಗೈಲೆ ಬಡಿಸಿಲ್ಲ ಬೇ. ಬಲಗೈಲೇ ಬಡಿಸ್ಯಾಳ. ಬಲಗಾಲಿಲೇ ಮನಿ ಹೊಕ್ಕಾಳ. ಅಫಜಲಪುರದಾಗ ನಾವು ಅರಿವಿ ಹಿಂದ ಕುಂತಿದ್ದೆವು. ಈ ಮಗ್ಗಲಿಂದ ನೋಡಿದ್ರ ಒಂದು, ಆ ಮಗ್ಗಲಿಂದ ನೋಡಿದ್ರ ಒಂದು."

ಹೆಂಗಸರು ಬಾಯಿ ತೆರೆದು ಕೂತರು. ರೇವಮ್ಮಾಯಿ ಮಾತ್ರ ಸೂಜಿ ನಿಲ್ಲಿಸಲಿಲ್ಲ. "ನಾ ಒಪ್ಪಂಗಿಲ್ಲ. ಒಂದು ವರ್ಷ ಬೈದೀನಿ ಆಕೀಗಿ. ಈಗ ಬಂದು ಬಲಗೈ ಅಂದ್ರ ಆ ಬೈಗುಳೆಲ್ಲ ಎಲ್ಲಿ ಒಯ್ದು ಇಡಲಿ?"

"ನಿನ್ನ ಸೊಸೀಗಿ ಕೊಟ್ಟುಬಿಡು ಆಯೀ" ಅಂದಳು ಸಾಬವ್ವ. ಎಲ್ಲರೂ ನಕ್ಕರು.

"ಅದಿರಲಿ, ಅತ್ತಿ ಅತ್ತಳಲ್ಲ, ಈ ಸರ್ತಿ ಹ್ಯಾಂಗ ಅತ್ತಳು?" ಅಂದಳು ಇನ್ನೊಬ್ಬಳು. "ಗೊತ್ತಿದ್ದು ಅತ್ತಳೋ, ಗೊತ್ತಿಲ್ಲದಽ ಅತ್ತಳೋ?"

ನಿಂಬೆವ್ವ ದಾರ ಎಳೆದಳು. "ಅದು ನನಗ ಹ್ಯಾಂಗ ತಿಳೀಬೇಕು? ಹೇಳೋರು ಯಾರಿದ್ರು?"

ಬಾಗಿಲ ಹಿಂದಿನಿಂದ ಬಳೆ ಸದ್ದಾಯಿತು. ಆಮೇಲೆ ದನಿ ಬಂತು, ಬಹಳ ದಿನ ಮಾತಾಡದವರ ಒಣಗಿದ ದನಿ.

"ನನ್ನ ಬಿಟ್ಟು ನೋಡಿದಿ?"

ಸೂಜಿಗಳೆಲ್ಲ ನಿಂತವು.

"ಹೂಂ" ಅಂದಳು ನಿಂಬೆವ್ವ. "ನಿನ್ನ ಬಿಟ್ಟು ನೋಡಿದೆ."

"ಹೊಲಕ್ಕ ಹೊಂಟೀನಿ ಅಂದಿ."

"ಅಂದೆ."

"ನಾ ಹೊತ್ತು ಮುಳುಗೋ ತನಕ ಹೊಸ್ತಿಲದಾಗ ಕುಂತಿದ್ದೆ. ನಿಮ್ಮ ಬಂಡಿ ಗಾಲಿ ಸಪ್ಪಳ ನನಗ ಗೊತ್ತಾಗ್ತದ. ಬರಲಿಲ್ಲ. ಮರುದಿನ ನಿನ್ನ ಒಲಿ ಹೊಗಿ ವಾಸನಿ ಇಲ್ಲ." ದನಿ ಬಾಗಿಲಿಗೆ ಹತ್ತಿರ ಬಂತು. "ಒಂದು ಮಾತು ಹೇಳಿದ್ರ ನಾ ಯಾರಿಗರೆ ಹೇಳಿಕೊಡ್ತಿದ್ದೆನೇನು ನಿಂಬಿ?"

ಗಂಡ ಬೇಡ ಅಂದ ಅಂತ ನಿಂಬೆವ್ವ ಅನ್ನಬಹುದಿತ್ತು. ಕಾಲ ಹಾಗಿತ್ತು ಅನ್ನಬಹುದಿತ್ತು. ಒಂದನ್ನೂ ಅನ್ನಲಿಲ್ಲ.

"ಹೇಳಿದ್ರ ನೀ ಬಿಡ್ತಿದ್ದಿಯೇನು?" ಅಂದಳು.

ಬಾಗಿಲ ಹಿಂದೆ ಬಳೆ ಮತ್ತೆ ಸದ್ದಾಯಿತು.

"ಬಿಡ್ತಿರಲಿಲ್ಲ. ಅರಳಿ ಅಂಡಿಗಿ ಹಿಂದ ಮುಚ್ಚಿ ಇಟ್ಕೊತಿದ್ದೆ. ನಿನ್ನೂ, ನಿನ್ನ ಗಂಡನ್ನೂ."

ರೇವಮ್ಮಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. ನಿಂಬೆವ್ವನ ಕಣ್ಣಿಗೆ ಹೊಲಿಗೆ ಕಾಣಲಿಲ್ಲ. ಸೂಜಿ ಬೆರಳಿಗೆ ಚುಚ್ಚಿತು, ಅದೂ ತಿಳಿಯಲಿಲ್ಲ.

"ಈಗ ನೀ ನನ್ನ ಕಣ್ಣ ಮುಂದ ಹೊಂಟೀ" ಅಂದಳು ಕಡೆಗೆ. "ನಾನರೆ ಬಿಡಲೇನು?"

ಬಾಗಿಲು ಅಲುಗಲಿಲ್ಲ. ಆಚೆ ಶರಫುದ್ದೀನ ಎತ್ತುಗಳನ್ನು ನೊಗಕ್ಕೆ ತಂದ. "ಆಪಾ, ನಡೀರಿ, ಬಿಸಿಲು ಏರ್ತದ. ಹೊಳಿ ದಾಟಬೇಕು" ಅಂತ ಅಕ್ಕನನ್ನು ಕರೆದ.

"ಠೈರ್ ಜರಾ, ತಡಿ" ಅಂದಳು ಪ್ಯಾರಿಬಿ ಒಳಗಿನಿಂದಲೇ. ಆಮೇಲೆ, ಕೇಳಬಾರದೆಂದು ತಡೆದು ತಡೆದು ಸೋತವಳ ಹಾಗೆ: "ಎದುರಿಗಿ ಕುಂತು ನೋಡಿದಾಗ... ಆ ಅತ್ತಿ ಪೆಟಗಿ ಕಡಿ ನೋಡಿದಳೇನು?"

"ನೋಡಿದಳು."

"ಸುಳ್ಳು!"

"ನೋಡಿದಳು ಪ್ಯಾರಿಬಿ. ಎಡಕ್ಕಿದ್ದ ಪೆಟಗಿ ಬಲಕ್ಕ ಬಂದಿತ್ತು, ನೋಡಿದ್ದು ಮಾತ್ರ ಹಂಗಽ ಇತ್ತು. ಆಕೀಗಿ ಗೊತ್ತಿತ್ತು."

ಬಾಗಿಲು ದಢಾರನೆ ತೆರೆಯಿತು. ಪ್ಯಾರಿಬಿ ಹೊಸ್ತಿಲಲ್ಲಿ ನಿಂತಿದ್ದಳು. ಎಷ್ಟು ಇಳಿದುಹೋಗಿದ್ದಳೆಂದರೆ ಸಾಬವ್ವ "ಯವ್ವಾ" ಅಂತ ಬಾಯಿ ಮುಚ್ಚಿಕೊಂಡಳು. ಆದರೆ ಪ್ಯಾರಿಬಿಯ ಕೈ ಸೊಂಟದ ಮೇಲೆ ಹೋಗಿತ್ತು. "ಗೊತ್ತಿತ್ತಂತ! ಕಿವ್ಯಾಗ ಅರಳಿ ಇಟ್ಕೊಂಡು ಸಿನೇಮಾ ನೋಡಿ ಬಂದಾಳ, ನನಗ ಹೇಳಾಕ ಬಂದಾಳ! ಶರಫೂ, ಇಲ್ಲಿ ಬಾ. ಕಲಬುರ್ಗ್ಯಾಗ ಆ ಸಿನೇಮಾ ನೀನೂ ನೋಡಿದಿಯಲ್ಲ. ಕಡೀಕ ಸಾಸ್ ಅಳ್ತಾಳಲ್ಲ, ಖರೇ ಅಳ್ತಾಳೋ ಇಲ್ಲೋ? ಹೇಳು ಇವರಿಗಿ."

ಶರಫುದ್ದೀನ ಒಂದು ಕೈಯಲ್ಲಿ ನೊಗ ಹಿಡಿದು ತಬ್ಬಿಬ್ಬಾದ. ಹೆಂಗಸರೆಲ್ಲ ಅವನ ಕಡೆಯೇ ನೋಡಿದರು.

"ಅಳೋ ಹೊತ್ತಿನ್ಯಾಗ ನಾ ಬೀಡಿ ಸೇದಾಕ ಹೊರಗ ಹೋಗಿದ್ದೆ ಆಪಾ" ಅಂದ.

ರೇವಮ್ಮಾಯಿ ಮೊದಲು ನಕ್ಕಳು. ಆಮೇಲೆ ಸಾಬವ್ವ, ಆಮೇಲೆ ಎಲ್ಲರೂ. ಪ್ಯಾರಿಬಿ ತಡೆಯಲು ನೋಡಿದಳು, ಆಗಲಿಲ್ಲ. ನಗುತ್ತ ನಗುತ್ತಲೇ ಹೊಸ್ತಿಲ ಮೇಲೆ ಕುಸಿದು ಕೂತು, ಸೆರಗು ಮುಖಕ್ಕೆ ಹಾಕಿಕೊಂಡು ಅತ್ತಳು. ನಿಂಬೆವ್ವ ಕೌದಿ ದಾಟಿ ಹೋಗಿ ಅವಳ ಪಕ್ಕಕ್ಕೆ ಕೂತಳು. ಏನೂ ಹೇಳಲಿಲ್ಲ, ತೊಡೆಗೆ ತೊಡೆ ತಾಗಿತು.

ಆ ಸದ್ದಿಗೆ ಹುಸೇನಸಾಬ ಬಾಗಿಲಿಗೆ ಬಂದ. ಗಡ್ಡ ಬೆಳೆದಿತ್ತು. ಹೆಂಗಸರನ್ನು ಕಂಡು ತಲೆ ತಗ್ಗಿಸಿದ. ರೇವಮ್ಮಾಯಿ ಅವನ ಮುಖ ನೋಡಲಿಲ್ಲ. ಹೊಲಿಗೆ ನೋಡುತ್ತಲೇ ಮಾತಾಡಿದಳು. ಆ ಮುದುಕಿ ಜನ್ಮದಲ್ಲಿ ಯಾರನ್ನೂ ಕೇಳಿಕೊಂಡವಳಲ್ಲ.

"ಹುಸೇನಾ, ನಮ್ಮ ಮನಿ ಗಾದಿ ಎಲ್ಲಾ ಗಂಟು ಗಂಟು ಆಗ್ಯಾವ. ಮೊಮ್ಮಗಳು ಬಾಣಂತನಕ್ಕ ಬರ್ತಾಳ. ನೀ ಹೋದ್ರ ಯಾರ ಕೈಲೆ ಹಿಂಜಿಸಲಿ? ಸಂಜಿಗಿ ಕಳಸ್ತೀನಿ. ಇಲ್ಲ ಅನಬ್ಯಾಡ."

ಹುಸೇನಸಾಬ ಹೆಂಡತಿಯ ಕಡೆ ನೋಡಿದ. ಪ್ಯಾರಿಬಿ ಮುಖ ಒರೆಸಿಕೊಂಡಳು. ಅವಳಿಗೆ ಅವನ ಮುಖ ಕಾಣುತ್ತಿರಲಿಲ್ಲ. ಅವನು ಉಸಿರು ಎಳೆದು ಬಿಟ್ಟದ್ದು ಕೇಳಿಸಿತು. ಅಷ್ಟು ಸಾಕಾಯಿತು.

"ಶರಫೂ, ಎತ್ತು ಬಿಚ್ಚು" ಅಂದಳು. "ರೊಟ್ಟಿ ಮಾಡ್ತೀನಿ, ಉಂಡು ಹೋಗು. ಅಮ್ಮಾಗ ಹೇಳು, ಆಪಾ ಬರಂಗಿಲ್ಲ ಅಂದಳು ಅಂತ."

"ಆಪಾ, ವಿಚಾರ ಮಾಡಿ ಹೇಳ್ರಿ. ನಾಳೆ ಏನರೆ ಆದ್ರ?"

"ನಾಳಿದು ನಾಳಿಗಿ" ಅಂದಳು ಪ್ಯಾರಿಬಿ. ದನಿ ಗಟ್ಟಿಯಾಗಿರಲಿಲ್ಲ. ಓಣಿಯ ಬೀಗ ಬಿದ್ದ ಮನೆಗಳು ಅವಳಿಗೆ ಕಾಣದಿದ್ದರೂ ಎಲ್ಲಿವೆಯೆಂದು ಗೊತ್ತಿತ್ತು. ನಿಂಬೆವ್ವನಿಗೂ ಗೊತ್ತಿತ್ತು. ಆ ಮಾತಿಗೆ ಸುಳ್ಳು ಸಮಾಧಾನ ಹೇಳುವವಳಲ್ಲ ಅವಳು. ಎದ್ದು ಬಂಡಿಯ ಹತ್ತಿರ ಹೋಗಿ ಹಾಸಿಗೆ ಸುರುಳಿಗೆ ಕೈ ಹಚ್ಚಿದಳು. ಶರಫುದ್ದೀನ ಒಂದು ಗಳಿಗೆ ನಿಂತು, ಎತ್ತು ಬಿಚ್ಚಿ ಬೇವಿಗೆ ಕಟ್ಟಿ, ಟ್ರಂಕಿಗೆ ಕೈ ಹಾಕಿದ.

"ಹಗೂರಕ್ಕ ಇಳಸ್ರೋ, ಒಳಗ ಚಹಾದ ಕಪ್ಪುಬಸಿ ಅವ" ಅಂತ ಪ್ಯಾರಿಬಿ ಹೊಸ್ತಿಲಿನಿಂದ ಕೂಗಿದಳು. ಮರುಗಳಿಗೆಗೇ ದನಿ ತಿರುಗಿಸಿ: "ಮತ್ತ ನಿಂಬಿ, ಆ ಅತ್ತಿ ಪೆಟಗಿ ಕಡಿ ನೋಡಿದಳು ಅಂತಿಯಲ್ಲ, ಪೆಟಗಿ ಮಗ್ಗಲಕ್ಕ ಗ್ವಾಡಿ ಮ್ಯಾಲ ಆಕೀ ಸತ್ತ ಗಂಡನ ಪಟಾ ಇತ್ತು ಅಂತ ನೀನಽ ಹೇಳಿದ್ದಿ. ಪಟದ ಕಡಿ ನೋಡಿರಬಾರದೇನು?"

ನಿಂಬೆವ್ವ ಸುರುಳಿ ಹೊತ್ತವಳು ಅಲ್ಲೇ ನಿಂತಳು. ಈ ಮಾತು ಅವಳಿಗೆ ಹೊಳೆದೇ ಇರಲಿಲ್ಲ.

"ಪಟಾ ಇನ್ನೂ ಮ್ಯಾಲಿತ್ತು ಬೇ" ಅಂದಳು, ಸ್ವಲ್ಪ ಅನುಮಾನದಿಂದ. "ಒಲಿ ಹಚ್ಚು ಮೊದಲ. ಹೇಳ್ತೀನಿ."